ಫ್ರುಂಜಿಕ್ ನಗುವುದಿಲ್ಲ

ಮಾಸ್ಕೋದ ಒಂದು ಕೋರ್ಟು. ಆರೋಪಿಯ ಜಾಗದಲ್ಲಿ ಕೂತವನು ಜಾರ್ಜಿಯಾದ ಬೆಟ್ಟಸೀಮೆಯ ಹೆಲಿಕಾಪ್ಟರ್ ಪೈಲಟ್ ವಾಲಿಕೊ. ಹಳೆಯ ಲೆಕ್ಕ ಚುಕ್ತಾ ಮಾಡಲು ಒಬ್ಬನ ಫ್ಲ್ಯಾಟಿಗೆ ನುಗ್ಗಿ ಹೊಡೆದಾಡಿದ್ದಾನೆ. ಅವನ ಪರವಾಗಿ ಸಾಕ್ಷಿ ಹೇಳಲು ಬಂದವನು ಅರ್ಮೇನಿಯಾದ ದಿಲಿಜಾನ್ ಎಂಬ ಸಣ್ಣ ಊರಿನ ಲಾರಿ ಡ್ರೈವರ್ ರೂಬಿಕ್ ಖಚಿಕ್ಯಾನ್. ಹೋಟೆಲಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದು ಗೆಳೆಯರಾದವರು. ರೂಬಿಕ್‌ಗೆ ರಷ್ಯನ್ ಭಾಷೆ ಅಷ್ಟಕ್ಕಷ್ಟೆ. ಆದರೆ ಗೆಳೆಯನನ್ನು ಉಳಿಸಲೇಬೇಕೆಂದು ನಿರ್ಧರಿಸಿಯೇ ಬಂದಿದ್ದಾನೆ. ಪ್ರಶ್ನೆ ಬರುತ್ತದೆ: ಆರೋಪಿಗೆ ಆ ವ್ಯಕ್ತಿಯ ಮೇಲೆ ವೈಯಕ್ತಿಕ ದ್ವೇಷವೇನಾದರೂ ಇತ್ತೇ?

ಇತ್ತು ಎನ್ನುತ್ತಾನೆ ರೂಬಿಕ್. ಅಷ್ಟಕ್ಕೆ ಬಿಡುವುದಿಲ್ಲ. ಆ ವೈಯಕ್ತಿಕ ದ್ವೇಷ ಎಷ್ಟಿದೆಯೆಂದರೆ ಊಟವೂ ಸೇರುತ್ತಿಲ್ಲ ಎಂದು ಗೆಳೆಯನೇ ತನ್ನ ಹತ್ತಿರ ಹೇಳಿಕೊಂಡಿದ್ದ ಎಂದು ವಿವರವನ್ನೂ ಕೊಡುತ್ತಾನೆ.

1977ರ ‘ಮಿಮಿನೊ’ ಚಿತ್ರದ ಈ ಮಾತನ್ನು ರಷ್ಯನ್ ಬಲ್ಲವರು ಇವತ್ತಿಗೂ ದಿನಬಳಕೆಯಲ್ಲಿ ಇಟ್ಟುಕೊಂಡಿದ್ದಾರೆ. ಮಾತಿನಲ್ಲಿ ಚಮತ್ಕಾರವಿದೆ, ನಿಜ. ಆದರೆ ಬೇರೆ ನಟನ ಬಾಯಲ್ಲಿ ಇದು ಒಂದು ಒಳ್ಳೆಯ ಜೋಕು ಆಗಿ ಮುಗಿದುಹೋಗುತ್ತಿತ್ತು. ಫ್ರುಂಜಿಕ್ ಮ್ಕರ್ಚ್ಯಾನ್ ಇದನ್ನು ಹೇಗೆ ಹೇಳುತ್ತಾರೆ ನೋಡಿ. ‘ವೈಯಕ್ತಿಕ ದ್ವೇಷ’ ಕೋರ್ಟಿನ ಪದ. ರೂಬಿಕ್ ಅದನ್ನು ಈಗಷ್ಟೆ ಕೇಳಿಸಿಕೊಂಡಿದ್ದಾನೆ. ದೊಡ್ಡವರು ಬಳಸಿದ ಪದ ಅಂದಮೇಲೆ ಮರ್ಯಾದೆಯ ಪದವೇ ಇರಬೇಕು ಎಂದುಕೊಂಡು, ಹಾಗೇ ಎತ್ತಿ ಗೆಳೆಯನ ಬಾಯಿಗೆ ಹಾಕುತ್ತಾನೆ. ಜೊತೆಗೆ ತನಗೆ ಗೊತ್ತಿರುವ ಏಕೈಕ ಅಳತೆಯನ್ನು, ಅಂದರೆ ಊಟದ ಅಳತೆಯನ್ನು, ಸೇರಿಸುತ್ತಾನೆ. ಗೆಳೆಯನನ್ನು ಜೈಲಿಗೆ ಕಳಿಸಬಲ್ಲ ಸಾಕ್ಷ್ಯವನ್ನು ಉಪಕಾರ ಮಾಡುತ್ತಿರುವ ಹೆಮ್ಮೆಯಲ್ಲಿ ನುಡಿಯುತ್ತಿದ್ದಾನೆ. ಮುಖದಲ್ಲಿ ನಗುವಿನ ಎಳೆಯೂ ಇಲ್ಲ. ಪರೀಕ್ಷೆಯಲ್ಲಿ ಕಷ್ಟದ ಪ್ರಶ್ನೆಗೆ ಸರಿಯುತ್ತರ ಕೊಟ್ಟ ಹುಡುಗನ ಗಾಂಭೀರ್ಯವಷ್ಟೇ ಇದೆ.

ಫ್ರುಂಜಿಕ್ ಅವರ ಕಲೆಯ ಮೂಲ ಇಲ್ಲಿದೆ. ಅವರ ಪಾತ್ರಗಳಿಗೆ ತಾವು ಹಾಸ್ಯಪಾತ್ರಗಳೆಂದು ಗೊತ್ತಿರುವುದಿಲ್ಲ.

ಅವರ ಅಡ್ಡಹೆಸರು ಕನ್ನಡದ ನಾಲಿಗೆಗೆ ಸುಲಭವಾಗಿ ಹೊರಳುವುದಲ್ಲ. ಹೊರಳಬೇಕಾಗಿಯೂ ಇಲ್ಲ. ಅರ್ಮೇನಿಯಾದಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಅವರು ಬರಿಯ ಫ್ರುಂಜಿಕ್. 1930ರ ಜುಲೈ 4ರಂದು ಲೆನಿನಾಕಾನ್ ನಗರದಲ್ಲಿ ಹುಟ್ಟಿದರು. ಸೋವಿಯತ್ ಸೇನಾನಿ ಮಿಖಾಯಿಲ್ ಫ್ರುಂಜೆಯ ನೆನಪಿಗೆ ಇಟ್ಟ ಹೆಸರದು. ಆ ಕಾಲದಲ್ಲಿ ಹಾಗೆ ಹೆಸರಿಡುವುದು ರೂಢಿಯಾಗಿತ್ತು. ಮುಂದೆ ಅವರು ಅರ್ಮೇನಿಯನ್ನರ ಮಹಾಕಾವ್ಯದ ವೀರನ ಹೆಸರಾದ ಮ್ಹೆರ್ ಎಂಬುದನ್ನೂ ಇಟ್ಟುಕೊಂಡರು. ಈಗಿನ ಫಲಕಗಳಲ್ಲೂ ಪುಸ್ತಕಗಳಲ್ಲೂ ಎರಡೂ ಹೆಸರುಗಳು ಕಾಣುತ್ತವೆ.

ಊರಿಗೂ ಹೀಗೇ ಹಲವು ಹೆಸರು. 1837ರಿಂದ ಅಲೆಕ್ಸಾಂಡ್ರೊಪೋಲ್, 1924ರಿಂದ ಲೆನಿನಾಕಾನ್, ಸೋವಿಯತ್ ಒಕ್ಕೂಟ ಮುರಿಯುವ ಹೊತ್ತಿಗೆ ಗ್ಯುಮ್ರಿ. ಅರ್ಮೇನಿಯಾದ ಎರಡನೆಯ ದೊಡ್ಡ ನಗರ ಇದು. ಈ ಊರಿನ ಬಗ್ಗೆ ಎರಡು ಸಂಗತಿ ತಿಳಿದಿದ್ದರೆ ಫ್ರುಂಜಿಕ್ ಅರ್ಥವಾಗುತ್ತಾರೆ. 1915ರಿಂದಾಚೆ ಆಟೋಮನ್ ಸಾಮ್ರಾಜ್ಯದಲ್ಲಿ ಅರ್ಮೇನಿಯನ್ನರ ನರಮೇಧ ನಡೆದ ಮೇಲೆ ತಂದೆತಾಯಿಯಿಲ್ಲದ ಸಾವಿರಾರು ಮಕ್ಕಳು ಬಂದು ಸೇರಿದ್ದು ಇಲ್ಲಿಗೆ. ಅಮೆರಿಕದ ಪರಿಹಾರ ಸಂಸ್ಥೆಯೊಂದು ಇಲ್ಲಿ ನಡೆಸಿದ ಅನಾಥಾಶ್ರಮಗಳು ಒಂದು ಪಟ್ಟಣದಷ್ಟು ದೊಡ್ಡದಾಗಿದ್ದವು. ಫ್ರುಂಜಿಕ್ ಅವರ ತಂದೆ ಮುಷೆಘ್, ತಾಯಿ ಸನಾಮ್ ಇಬ್ಬರೂ ಆ ಅನಾಥ ಮಕ್ಕಳ ಪೈಕಿಯವರು. ದೊಡ್ಡವರಾಗಿ ಊರಿನ ಜವಳಿ ಗಿರಣಿ ಸೇರಿದರು. ಎರಡನೆಯ ಸಂಗತಿಯೆಂದರೆ, ಅರ್ಮೇನಿಯಾದಲ್ಲಿ ಯಾರನ್ನು ಕೇಳಿದರೂ ಜೋಕಿನ ಊರು ಯಾವುದೆಂದರೆ ಗ್ಯುಮ್ರಿ ಎನ್ನುತ್ತಾರೆ. ಕಮ್ಮಾರರು, ಕಲ್ಲುಕುಟಿಗರು, ಕ್ಷೌರಿಕರ ಊರು. ಕೆಲಸ ಮಾಡುತ್ತಲೇ ಪಕ್ಕದವನ ಕಾಲೆಳೆಯುವುದು ಅಲ್ಲಿನ ನಿತ್ಯವಿಧಿ. ಆ ಊರಿನ ಹಾಸ್ಯದಲ್ಲಿ ಹೇಳುವವನು ನಗುವ ಪದ್ಧತಿಯಿಲ್ಲ. ಕೇಳುವವನು ನಕ್ಕಾಗ ಹೇಳಿದವನಿಗೆ ಬೇಸರವಾದಂತಿರಬೇಕು.

ಗಿರಣಿ ಕಾರ್ಮಿಕರ ವಸತಿಯಲ್ಲಿ ಬೆಳೆದ ಹುಡುಗ ಮೆಟ್ಟಿಲ ಕೈಸಾಲೆಗೆ ಪರದೆ ಕಟ್ಟಿ, ಕೆಳಗಿನ ಮೆಟ್ಟಿಲುಗಳ ಮೇಲೆ ಓರಗೆಯ ಮಕ್ಕಳನ್ನು ಕೂರಿಸಿಕೊಂಡು ನಾಟಕ ಆಡುತ್ತಿದ್ದನಂತೆ. ಗಿರಣಿಯ ಕ್ಲಬ್ಬಿನಲ್ಲಿ ಸಿನಿಮಾ ತೋರಿಸುವವನ ಸಹಾಯಕನಾಗಿ ದುಡಿದು, 1940ರ ದಶಕದ ಕೊನೆಯಲ್ಲಿ ಊರಿನ ನಾಟಕ ಕಂಪನಿ ಸೇರಿ, 1951ರಲ್ಲಿ ರಾಜಧಾನಿ ಯೆರೆವಾನಿನ ರಂಗಶಿಕ್ಷಣ ಸಂಸ್ಥೆಗೆ ಹೋದ. 1956ರಲ್ಲಿ ಓದು ಮುಗಿಸಿ ಸುಂದುಕ್ಯಾನ್ ರಂಗಮಂದಿರ ಸೇರಿದ. ಅರ್ಮೇನಿಯನ್ ರಂಗಭೂಮಿಯ ಮುಖ್ಯ ವೇದಿಕೆ ಅದು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ನಿರ್ದೇಶಕ ವಾರ್ದಾನ್ ಅಜೆಮ್ಯಾನ್ ಅವನನ್ನು ಕರೆದು, ಬ್ರೆಜಿಲ್‌ನ ನಾಟಕಕಾರ ಫಿಗೆರೇದೊ ಬರೆದ ನಾಟಕದಲ್ಲಿ ಈಸೋಪನ ಪಾತ್ರ ಕೊಟ್ಟಿದ್ದರು. ಕುರೂಪಿ, ಗುಲಾಮ, ಆದರೆ ಸುತ್ತಲಿನವರೆಲ್ಲರಿಗಿಂತ ಬುದ್ಧಿವಂತ. ಮುಂದೆ ಅದೇ ವೇದಿಕೆಯಲ್ಲಿ ಉದ್ದ ಮೂಗಿನ ಪ್ರೇಮಿ ಸಿರಾನೊ ದ ಬೆರ್ಜೆರಾಕ್‌ನ ಪಾತ್ರವನ್ನೂ ಮಾಡಿದರು. ನಗೆನಟನಾಗುವ ಮೊದಲೇ ಅವರು ತರಬೇತಿ ಪಡೆದ ರಂಗನಟ ಎಂಬುದನ್ನು ರಷ್ಯದ ಸಿನಿಮಾ ಪ್ರೇಕ್ಷಕರು ಬಹಳ ಮಟ್ಟಿಗೆ ಮರೆತೇಬಿಟ್ಟರು.

ಮೂಗಿನ ವಿಷಯ ಹೇಗೂ ಬಂತು, ಮುಗಿಸಿಬಿಡೋಣ. ಫ್ರುಂಜಿಕ್ ಅವರದು ಭಾರೀ ಮೂಗು. ದಪ್ಪ ಹುಬ್ಬು, ಜೋತುಬಿದ್ದ ರೆಪ್ಪೆಗಳ ಕೆಳಗೆ ದೊಡ್ಡ ಕಪ್ಪು ಕಣ್ಣು. ಇಂಥ ಮುಖ ಸಿಕ್ಕಿದ ಸಾಮಾನ್ಯ ನಟ ಮುಖವನ್ನೇ ದುಡಿಸಿಕೊಳ್ಳುತ್ತಾನೆ: ಹುಬ್ಬು ಕುಣಿಸುತ್ತಾನೆ, ಕಣ್ಣು ಹೊರಳಿಸುತ್ತಾನೆ. ಫ್ರುಂಜಿಕ್ ಮಾಡಿದ್ದು ಇದರ ಉಲ್ಟಾ. ಅಷ್ಟು ದೊಡ್ಡ ಮುಖವನ್ನು ಅಲುಗಿಸದೆ ಇಟ್ಟರು. ಮುಖ ಸುಮ್ಮನಿದ್ದರೆ ಕಣ್ಣಿನ ಸಣ್ಣ ಚಲನೆಯೂ ದೊಡ್ಡದಾಗಿ ಕಾಣುತ್ತದೆ. ಎದುರಿಗಿರುವವನು ಏನೋ ಹೇಳಿದಾಗ ಅವರು ತಕ್ಷಣ ಉತ್ತರಿಸುವುದಿಲ್ಲ. ಮಾತು ಒಳಗೆ ಇಳಿದು, ಅರ್ಥವಾಗಿ, ಅದಕ್ಕೆ ಗೌರವಯುತ ಉತ್ತರ ಹುಡುಕಿ, ಅದನ್ನು ರಷ್ಯನ್ನಿಗೆ ತಿರುಗಿಸಿ ಹೊರಬರುವಷ್ಟು ಹೊತ್ತು ಕಾಯಿಸುತ್ತಾರೆ. ಆ ಕಾಯುವಿಕೆಯಲ್ಲೇ ನಗು ಶುರುವಾಗುತ್ತದೆ. ಮಾತು ಬರುವ ಹೊತ್ತಿಗೆ ಪ್ರೇಕ್ಷಕ ಅರ್ಧ ಸೋತಿರುತ್ತಾನೆ. ಅವರ ಬಗ್ಗೆ ಬರೆಯುವವರೆಲ್ಲ ‘ದುಃಖ ತುಂಬಿದ ಕಣ್ಣುಗಳು’ ಎಂದು ಬರೆಯುತ್ತಾರೆ. ನನಗೆ ಆ ಮಾತು ಅಷ್ಟು ಒಪ್ಪಿಗೆಯಿಲ್ಲ. ಅವು ಗಮನವಿಟ್ಟು ಕೇಳುವ ಕಣ್ಣುಗಳು. ಎದುರಿಗಿರುವವರ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳುವ ನಗೆನಟರು ಅಪರೂಪ.

ಮೊದಲ ಚಿತ್ರದಲ್ಲಿ ಅವರ ಪಾಲು ಕತ್ತರಿಯಡಿ ಸಿಕ್ಕಿ ತೆರೆಯ ಮೇಲೆ ಒಂದು ಕಾಲು ಮಾತ್ರ ಉಳಿಯಿತು ಎಂಬ ಕಥೆಯಿದೆ. 1960ರ ಹೊತ್ತಿಗೆ ಅರ್ಮೇನಿಯನ್ ಚಿತ್ರಗಳಲ್ಲಿ ಮುಖವೂ ಕಂಡಿತು. 1965ರಲ್ಲಿ ನಿರ್ದೇಶಕ ಗಿಯೋರ್ಗಿ ದನೇಲಿಯಾ ‘ಮೂವತ್ಮೂರು’ ಚಿತ್ರದಲ್ಲಿ ಪ್ರೊಫೆಸರನ ಸಣ್ಣ ಪಾತ್ರ ಕೊಟ್ಟರು. ಮರುವರ್ಷ ರೋಲಾನ್ ಬಿಕೊವ್ ಅವರ ಮಕ್ಕಳ ಚಿತ್ರದಲ್ಲಿ ಕಡಲ್ಗಳ್ಳನಾದರು. ಇಡೀ ಸೋವಿಯತ್ ಒಕ್ಕೂಟ ಅವರನ್ನು ಗುರುತಿಸಿದ್ದು 1967ರ ಏಪ್ರಿಲ್‌ನಲ್ಲಿ, ಲಿಯೊನಿದ್ ಗೈದಾಯ್ ಅವರ ‘ಕಾಕಸಸ್‌ನ ಬಂದಿನಿ’ ತೆರೆಕಂಡಾಗ. ಏಳೂವರೆ ಕೋಟಿಗಿಂತ ಹೆಚ್ಚು ಟಿಕೆಟ್ ಮಾರಿದ ಚಿತ್ರ ಅದು.

ಅದರಲ್ಲಿ ಫ್ರುಂಜಿಕ್ ನಾಯಕಿ ನೀನಾಳ ಸೋದರ ಸಂಬಂಧದ ಹಿರಿಯ ಜಬ್ರಾಯಿಲ್. ಜಿಲ್ಲೆಯ ದೊಡ್ಡ ಅಧಿಕಾರಿ ಸಾಖೊವ್‌ನ ಕಾರಿನ ಡ್ರೈವರ್ ಕೂಡ. ಸಾಖೊವ್‌ಗೆ ಆ ಹುಡುಗಿ ಬೇಕು, ಜಬ್ರಾಯಿಲ್‌ಗೆ ತೆರ ಬೇಕು. ಇಬ್ಬರೂ ಚೌಕಾಸಿಗೆ ಕೂರುತ್ತಾರೆ. ಎಷ್ಟು ಕುರಿ? ಇಪ್ಪತ್ತೋ ಇಪ್ಪತ್ತೈದೋ? ಮೇಲೊಂದು ಫಿನ್ಲೆಂಡಿನ ರೆಫ್ರಿಜರೇಟರ್. ನಡುವೆ ಸ್ವಂತದ ಉಣ್ಣೆ ಯಾವುದು, ಸರ್ಕಾರದ ಉಣ್ಣೆ ಯಾವುದು ಎಂಬ ತಕರಾರು ಬೇರೆ. ಕೃತ್ಯ ನೋಡಿದರೆ ಹೇಸಿಗೆಯದು: ಹೆಣ್ಣೊಬ್ಬಳನ್ನು ಅವಳಿಗೆ ಗೊತ್ತಿಲ್ಲದಂತೆ ಮಾರುತ್ತಿದ್ದಾರೆ. ಫ್ರುಂಜಿಕ್ ಇದನ್ನು ಖಳನಂತೆ ಆಡಿದ್ದರೆ ನಗು ಬರುತ್ತಿರಲಿಲ್ಲ. ಪೆದ್ದನಂತೆ ಆಡಿದ್ದರೆ ಕೃತ್ಯಕ್ಕೆ ಮಾಫಿ ಸಿಕ್ಕಿಬಿಡುತ್ತಿತ್ತು. ಅವರು ಆಡಿದ್ದು ಮನೆಯ ಜವಾಬ್ದಾರಿ ಹೊತ್ತ ಗೃಹಸ್ಥನಂತೆ. ಕುಟುಂಬಕ್ಕೆ ನಷ್ಟವಾಗಬಾರದು ಎಂಬ ಕಾಳಜಿ ಮುಖದ ತುಂಬ. ಅನ್ಯಾಯ ಮಾಡುವವರು ನಿಜ ಜೀವನದಲ್ಲೂ ಹೀಗೇ ಇರುತ್ತಾರಲ್ಲವೇ, ಲೆಕ್ಕ ಸರಿಯಾಗಿದ್ದರೆ ಸಾಕು ಎಂಬಂತೆ?

ಅದೇ ಚಿತ್ರದ ಇನ್ನೊಂದು ಕ್ಷಣ. ಹುಡುಗಿಯನ್ನು ಎತ್ತಿಕೊಂಡು ಹೋಗಲು ಬಂದ ಮೂವರು ಬಾಡಿಗೆ ಬಂಟರು ಜಬ್ರಾಯಿಲ್‌ನ ಮನೆಯಲ್ಲಿ ಕೂತು ಕೂಲಿಯ ಬಗ್ಗೆ ಗೊಣಗುತ್ತಿದ್ದಾರೆ. ಅವರಲ್ಲೊಬ್ಬ, ಎಲ್ಲೋ ಪತ್ರಿಕೆಯಲ್ಲಿ ಕಂಡಿರಬೇಕು, ‘ವಾಲಂಟರಿಸಂ’ ಎಂಬ ಪದ ಎಸೆಯುತ್ತಾನೆ. ಜಬ್ರಾಯಿಲ್ ಮುಖ ಗಂಟಿಕ್ಕಿ, ನನ್ನ ಮನೆಯಲ್ಲಿ ಹೊಲಸು ಮಾತಾಡಕೂಡದು ಎಂದು ಗದರುತ್ತಾನೆ. ಅಂದಿನ ಪ್ರೇಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕದ್ದಕ್ಕೆ ಕಾರಣವಿತ್ತು. 1964ರಲ್ಲಿ ಖ್ರುಶ್ಚೇವ್‌ರನ್ನು ಅಧಿಕಾರದಿಂದ ಇಳಿಸಿದಾಗ ಪಕ್ಷ ಅವರ ಮೇಲೆ ಹೊರಿಸಿದ ಆರೋಪದ ಪದವೇ ಅದು. ಪತ್ರಿಕೆಗಳಲ್ಲೂ ಅದೇ. ಸೆನ್ಸಾರಿನವರಿಗೂ ಹಿಡಿಯಲು ಏನೂ ಸಿಗದಂತೆ ಫ್ರುಂಜಿಕ್ ಅದನ್ನು ಹೇಳುತ್ತಾರೆ: ಹೆಂಗಸರಿರುವ ಮನೆ, ಮರ್ಯಾದಸ್ಥ ಯಜಮಾನ, ಅತಿಥಿಯ ಬಾಯಲ್ಲಿ ಕೆಟ್ಟ ಮಾತು. ರಾಜಕೀಯದ ಕಡೆಗೆ ಒಂದು ಕಣ್ಣುಸನ್ನೆಯೂ ಇಲ್ಲ. ಕಣ್ಣು ಹೊಡೆದಿದ್ದರೆ ಮಾತು ಅಲ್ಲೇ ಸತ್ತುಹೋಗುತ್ತಿತ್ತು. ಜಬ್ರಾಯಿಲ್‌ನ ಹೆಂಡತಿಯಾಗಿ ನಟಿಸಿದವರು ಫ್ರುಂಜಿಕ್ ಅವರ ಪತ್ನಿ ದನಾರಾ, ನಟಿಯೇ.

ಇಲ್ಲಿ ಒಂದು ಅಪಾಯವೂ ಇತ್ತು. ದೊಡ್ಡ ಭಾಷೆಯ ಸಿನಿಮಾದಲ್ಲಿ ಸಣ್ಣ ಭಾಷೆಯವನು ಬಂದರೆ ಅವನ ಉಚ್ಚಾರವೇ ಅಗ್ಗದ ಹಾಸ್ಯದ ಸರಕಾಗುತ್ತದೆ. ಇದು ನಮ್ಮ ದೇಶದ ಸಿನಿಮಾಕ್ಕೂ ಗೊತ್ತಿರುವ ಕಾಯಿಲೆ. ಫ್ರುಂಜಿಕ್ ಆ ಸರಕನ್ನು ಪೂರ್ತಿ ತಿರಸ್ಕರಿಸಲಿಲ್ಲ, ದಿಕ್ಕು ಬದಲಿಸಿದರು. ಕೋರ್ಟಿನ ದೃಶ್ಯಕ್ಕೆ ಮತ್ತೆ ಹೋಗೋಣ. ಅಲ್ಲಿ ರೂಬಿಕ್‌ನ ಒಡಕು ರಷ್ಯನ್ ಕೇಳಿ ನಗುತ್ತೇವೆ, ಸರಿ. ಆದರೆ ಎರಡನೆಯ ಸಲ ನೋಡುವಾಗ ನಗು ಬರುವುದು ಕೋರ್ಟಿನ ಭಾಷೆಯ ಮೇಲೆ. ‘ವೈಯಕ್ತಿಕ ದ್ವೇಷ’ ಎಂದು ಬದುಕಿನಲ್ಲಿ ಯಾರು ಮಾತಾಡುತ್ತಾರೆ? ಕಾಗದದ ಪದಕ್ಕೆ ಅನ್ನದ ರುಚಿ ಹಚ್ಚಿ ರೂಬಿಕ್ ವಾಪಸ್ ಕೊಟ್ಟಾಗ ಆ ಪದದ ಟೊಳ್ಳು ಬಯಲಾಗುತ್ತದೆ. ಆ ದೃಶ್ಯದ ಎಷ್ಟೋ ಮಾತುಗಳು ಚಿತ್ರೀಕರಣದ ಜಾಗದಲ್ಲೇ ಫ್ರುಂಜಿಕ್ ಬಾಯಲ್ಲಿ ಹುಟ್ಟಿದವು. ‘ಮಿಮಿನೊ’ದ ಚಿತ್ರಕಥೆ ಬರೆದವರು ನಿರ್ದೇಶಕ ದನೇಲಿಯಾ ಜೊತೆಗೆ ರೆವಾಜ್ ಗಬ್ರಿಯಾದ್ಜೆ ಮತ್ತು ವಿಕ್ಟೋರಿಯಾ ತೊಕರೇವಾ; ಇಂಥ ಬರಹಗಾರರ ಮಾತಿನ ಪಕ್ಕದಲ್ಲಿ ನಟನ ಮಾತು ಹೊಲಿಗೆ ಕಾಣದಂತೆ ಕೂರಬೇಕಾದರೆ ನಟನಿಗೆ ಪಾತ್ರ ಎಷ್ಟು ಕರಗತವಾಗಿರಬೇಕು!

ದನೇಲಿಯಾ ಹೇಳುವಂತೆ, ಹೋಟೆಲಿನಲ್ಲಿ ವಾಲಿಕೊನ ಜೊತೆಗಾರ ಯಾರಾಗಬೇಕು ಎಂಬುದು ನಾಣ್ಯ ಚಿಮ್ಮಿ ತೀರ್ಮಾನವಾದದ್ದು: ಒಂದು ಕಡೆ ಬಿದ್ದರೆ ರಷ್ಯದ ಹೆಸರಾಂತ ನಟ ಯೆವ್ಗೆನಿ ಲಿಯೊನೊವ್, ಇನ್ನೊಂದು ಕಡೆ ಬಿದ್ದರೆ ಫ್ರುಂಜಿಕ್. ನಾಣ್ಯಕ್ಕೆ ಬುದ್ಧಿಯಿತ್ತು. ಚಿತ್ರಕ್ಕೆ 1977ರ ಮಾಸ್ಕೋ ಚಿತ್ರೋತ್ಸವದಲ್ಲಿ ಚಿನ್ನದ ಬಹುಮಾನ ಬಂತು, ಮರುವರ್ಷ ಸೋವಿಯತ್ ರಾಜ್ಯ ಪ್ರಶಸ್ತಿ. ಒಂದು ದೃಶ್ಯ ಮಾತ್ರ ಮೇಲಿನವರಿಗೆ ಸರಿಬೀಳದೆ ಕತ್ತರಿಸಬೇಕಾಯಿತು. ಲಿಫ್ಟಿನಲ್ಲಿ ಈ ಜಾರ್ಜಿಯದವನೂ ಅರ್ಮೇನಿಯದವನೂ ನಿಂತಿರುವಾಗ ಇಬ್ಬರು ಜಪಾನಿಯರು ಹತ್ತಿ, ಈ ರಷ್ಯನ್ನರೆಲ್ಲ ನೋಡಲು ಒಂದೇ ಥರ ಎಂದು ಮಾತಾಡಿಕೊಳ್ಳುವ ದೃಶ್ಯ ಅದು.

ಅರ್ಮೇನಿಯನ್ನರನ್ನು ಕೇಳಿದರೆ ಇವೆಲ್ಲ ಇರಲಿ, ನಮ್ಮ ಭಾಷೆಯ ಚಿತ್ರ ನೋಡಿ ಎನ್ನುತ್ತಾರೆ. ಅವರ ಮಾತು ಸರಿ. ಹೆನ್ರಿಕ್ ಮಲ್ಯಾನ್ ನಿರ್ದೇಶಿಸಿದ ‘ತ್ರಿಕೋನ’ (1967) ಲೆನಿನಾಕಾನಿನ ಒಂದು ತ್ರಿಕೋನಾಕಾರದ ಕಮ್ಮಾರಸಾಲೆಯ ಐವರು ಕಮ್ಮಾರರ ಕಥೆ. ಫ್ರುಂಜಿಕ್ ಅಲ್ಲಿ ಗಾಸ್ಪರ್. ಈ ಚಿತ್ರಕ್ಕಾಗಿ ಅವರಿಗೆ ಅರ್ಮೇನಿಯಾದ ರಾಜ್ಯ ಪ್ರಶಸ್ತಿ ಸಿಕ್ಕಿತು. ಎರಡು ವರ್ಷದ ನಂತರ ಮಲ್ಯಾನ್ ಅವರೇ ಹ್ರಾಂತ್ ಮತೆವೊಸ್ಯಾನ್ ಅವರ ಕಥೆಯಿಂದ ‘ನಾವು ಮತ್ತು ನಮ್ಮ ಬೆಟ್ಟಗಳು’ ಮಾಡಿದರು. ಬೆಟ್ಟದ ಮೇಲಿನ ಕುರಿಗಾಹಿಗಳು ತಮ್ಮ ಹಿಂಡಿಗೆ ಬಂದು ಸೇರಿದ ಊರಿನವನೊಬ್ಬನ ಕುರಿಗಳನ್ನು ಕಡಿದು ತಿಂದಿದ್ದಾರೆ. ಅವರ ಲೆಕ್ಕದಲ್ಲಿ ಇದು ಊರಿನೊಳಗೇ ಮಾತಾಡಿ ಮುಗಿಸುವ ವಿಷಯ. ಆದರೆ ಪೊಲೀಸ್ ಲೆಫ್ಟಿನೆಂಟ್ ಬರುತ್ತಾನೆ. ವಿಚಾರಣೆ ಶುರು. ಲೆಫ್ಟಿನೆಂಟ್ ಪಾತ್ರದಲ್ಲಿ ಸೋಸ್ ಸರ್ಕಿಸ್ಯಾನ್, ಕುರಿಗಾಹಿ ಇಶ್ಖಾನ್ ಆಗಿ ಫ್ರುಂಜಿಕ್.

ಇಲ್ಲಿ ಅವರದು ಅಪ್ಪಟ ಗುಂಪಿನ ಅಭಿನಯ. ಒಬ್ಬ ಸ್ಟಾರ್ ತನ್ನ ಜೊತೆಯ ನಟರ ನಡುವೆ ಇಷ್ಟು ಕರಗಿಹೋಗಬಲ್ಲ ಎಂಬುದನ್ನು ನೋಡಲಾದರೂ ಈ ಚಿತ್ರ ನೋಡಬೇಕು. ಪೊಲೀಸನ ಪ್ರಶ್ನೆಗೆ ಕುರಿಗಾಹಿಗಳು ಸುಳ್ಳು ಹೇಳುವುದಿಲ್ಲ, ನಿಜವನ್ನೂ ಹೇಳುವುದಿಲ್ಲ. ಪ್ರಶ್ನೆಯನ್ನು ಅತ್ತಿತ್ತ ತಿರುಗಿಸಿ, ತೂಗಿ, ವಾಪಸ್ ಕೊಡುತ್ತಾರೆ. ‘ಮಿಮಿನೊ’ದ ಸಾಕ್ಷಿ ಕಾನೂನಿನ ಭಾಷೆ ಗೊತ್ತಿಲ್ಲದೆ ತೊದಲಿದರೆ, ಇಲ್ಲಿಯ ಕುರಿಗಾಹಿ ತನ್ನದೇ ಭಾಷೆಯಲ್ಲಿ, ತನ್ನದೇ ನೆಲದ ಮೇಲೆ ಕೂತಿದ್ದಾನೆ, ತೊದಲುವ ಸರದಿ ಕಾನೂನಿನದು.

ಭಾರತದ ಪ್ರೇಕ್ಷಕರೂ ಹೆಸರು ತಿಳಿಯದೆ ಅವರನ್ನು ನೋಡಿದ್ದಾರೆ. ಧರ್ಮೇಂದ್ರ, ಹೇಮಾ ಮಾಲಿನಿ, ಜೀನತ್ ಅಮಾನ್ ನಟಿಸಿದ, ಆರ್.ಡಿ. ಬರ್ಮನ್ ಸಂಗೀತದ ‘ಅಲಿಬಾಬಾ ಔರ್ ಚಾಲೀಸ್ ಚೋರ್’ (1980) ಸೋವಿಯತ್ ಒಕ್ಕೂಟದ ಜೊತೆ ಸೇರಿ ಮಾಡಿದ ಚಿತ್ರ. ಅದರ ಸೋವಿಯತ್ ತಾರಾಗಣದಲ್ಲಿ ಫ್ರುಂಜಿಕ್ ಇದ್ದರು. ಅಲ್ಲಿ ಅವರಿಗೆ ಮಾಡಲು ಹೆಚ್ಚೇನೂ ಇಲ್ಲ. ಇಂಥ ಅದ್ದೂರಿ ಚಿತ್ರಗಳಲ್ಲಿ ನಿಧಾನದ ನಟರಿಗೆ ಜಾಗ ಸಿಗುವುದು ಕಷ್ಟ. ಅವರ ನಿಧಾನಕ್ಕೆ ಜಾಗ ಸಿಕ್ಕಿದ್ದನ್ನು ನೋಡಬೇಕೆಂದರೆ 1977ರ ‘ಸೈನಿಕ ಮತ್ತು ಆನೆ’ ಇದೆ. ಯುದ್ಧ ಮುಗಿದ ಮೇಲೆ ಜರ್ಮನಿಯಿಂದ ಯೆರೆವಾನಿನ ಮೃಗಾಲಯಕ್ಕೆ ಒಂದು ಆನೆಯನ್ನು ತಲುಪಿಸುವ ಹೊಣೆ ಹೊತ್ತ ಸೈನಿಕನ ಕಥೆ. ‘ಮಿಮಿನೊ’ದಲ್ಲಿ ಕೋರ್ಟನ್ನು ಎಷ್ಟು ಗೌರವದಿಂದ ಮಾತಾಡಿಸುತ್ತಾರೋ ಇಲ್ಲಿ ಆನೆಯನ್ನೂ ಅಷ್ಟೇ ಗೌರವದಿಂದ ಮಾತಾಡಿಸುತ್ತಾರೆ.

ತಮ್ಮ ಆಲ್ಬರ್ಟ್ ಮ್ಕರ್ಚ್ಯಾನ್ ನಿರ್ದೇಶಕ. ಅಣ್ಣನಿಗಾಗಿ ಆತ ಮಾಡಿದ ಚಿತ್ರಗಳಲ್ಲಿ ಎರಡು ಹುಟ್ಟೂರಿನ ಕಥೆಗಳು. ‘ಹಳೆಯ ದಿನಗಳ ಹಾಡು’ (1982) ಯುದ್ಧಕಾಲದ ಲೆನಿನಾಕಾನಿನದು. ‘ನಮ್ಮ ಬಾಲ್ಯದ ಟ್ಯಾಂಗೊ’ (1985) ಯುದ್ಧ ಮುಗಿದ ಮೇಲಿನದು. ಎರಡನೆಯದರಲ್ಲಿ ಫ್ರುಂಜಿಕ್ ಅವರ ರೂಬೆನ್ ಹೆಂಡತಿಯನ್ನೂ ಮಕ್ಕಳನ್ನೂ ಬಿಟ್ಟು, ಹೆಂಡತಿಯ ಗೆಳತಿಯ ಜೊತೆ ಬಾಳುವೆ ಹೂಡಿದವನು. ಹೆಂಡತಿ ಸಿರಾನುಷ್ ಆಗಿ ಗಾಲ್ಯಾ ನೊವೆಂತ್ಸ್ ಬೀದಿ ನಡುಗಿಸುವಂತೆ ಜಗಳವಾಡುತ್ತಾರೆ. ಫ್ರುಂಜಿಕ್ ಸುಮ್ಮನೆ ಕೇಳುತ್ತಾರೆ. ನಗೆಗೆ ಬಳಸುತ್ತಿದ್ದ ಉಪಕರಣಗಳೇ ಇಲ್ಲೂ: ಅಲುಗದ ಮುಖ, ತಡವಾದ ಉತ್ತರ, ಕೇಳುವ ಕಣ್ಣು. ಯಾವುದನ್ನೂ ಬದಲಿಸಿಲ್ಲ. ತಪ್ಪು ತನ್ನದೆಂದು ಗೊತ್ತಿರುವ, ಆದರೆ ಹಿಂತಿರುಗಲಾರದ ಮನುಷ್ಯನಿಗೆ ಉತ್ತರ ಸಿಗದೇ ಹೋದಾಗಲೂ ಅದೇ ಕಾಯುವಿಕೆ. ನಗು ಬಂದು, ಗಂಟಲಲ್ಲಿ ನಿಲ್ಲುತ್ತದೆ.

ಬದುಕು ಅವರನ್ನು ಕರುಣೆಯಿಂದ ನೋಡಲಿಲ್ಲ. ದನಾರಾ ಮಾನಸಿಕ ಕಾಯಿಲೆಗೆ ಸಿಕ್ಕು ಆಸ್ಪತ್ರೆ ಸೇರಿದರು. ಮಗನಿಗೂ ಅದೇ ಕಾಯಿಲೆ ಬಂತು. ಕುಡಿತ ಬಿಡಲಾಗಲಿಲ್ಲ. 1984ರಲ್ಲಿ ಸೋವಿಯತ್ ಒಕ್ಕೂಟದ ಜನತಾ ಕಲಾವಿದ ಎಂಬ ಅತ್ಯುನ್ನತ ಬಿರುದು ಬಂದಾಗ ಮನೆಯಲ್ಲಿ ಸಂಭ್ರಮ ಪಡುವ ಸ್ಥಿತಿ ಇರಲಿಲ್ಲ. 1988ರ ಡಿಸೆಂಬರ್ 7ರ ಭೂಕಂಪ ಹುಟ್ಟೂರಿನ ಬಹುಭಾಗವನ್ನು ನೆಲಸಮ ಮಾಡಿತು. ಭೂಕಂಪದ ಭಯದಿಂದ ಮರುವರ್ಷ ಅರ್ಮೇನಿಯಾದ ಅಣುವಿದ್ಯುತ್ ಸ್ಥಾವರ ಮುಚ್ಚಿದರು. ಆಮೇಲೆ ಒಕ್ಕೂಟ ಮುರಿಯಿತು, ಅಜರ್‌ಬೈಜಾನ್ ಜೊತೆ ಯುದ್ಧ, ಗಡಿಗಳು ಬಂದ್. ಯೆರೆವಾನ್ ಚಳಿಗಾಲಗಳನ್ನು ದಿನಕ್ಕೆ ಒಂದೆರಡು ಗಂಟೆಯ ಕರೆಂಟಿನಲ್ಲಿ ಕಳೆಯಿತು. ಅಂಥದೊಂದು ಚಳಿಗಾಲದಲ್ಲಿ, 1993ರ ಡಿಸೆಂಬರ್ 29ರಂದು, 63ನೆಯ ವಯಸ್ಸಿನಲ್ಲಿ ಫ್ರುಂಜಿಕ್ ತೀರಿಕೊಂಡರು. ದೇಶದ ದೊಡ್ಡ ಕಲಾವಿದರು ಮಲಗಿರುವ ಕೊಮಿತಾಸ್ ಪಾಂಥಿಯಾನ್‌ನಲ್ಲಿ ಅವರ ಸಮಾಧಿಯಿದೆ. ಕೊನೆಯ ವರ್ಷಗಳಲ್ಲಿ ಅವರು ಕಟ್ಟಿದ ನಾಟಕ ತಂಡವನ್ನು ಆಲ್ಬರ್ಟ್ ಮುಂದುವರಿಸಿದರು. ಗ್ಯುಮ್ರಿಯಲ್ಲಿ ಈಗ ಅವರ ಹೆಸರಿನ ಮ್ಯೂಸಿಯಂ ಇದೆ.

ಬಿರುದು, ಮ್ಯೂಸಿಯಂಗಳಿಗಿಂತ ಚಿತ್ರಗಳೇ ಹೆಚ್ಚು ಹೇಳುತ್ತವೆ. ನೋಡುವ ಆಸೆಯಿದ್ದವರಿಗೆ ನನ್ನ ಸಲಹೆ: ಮೊದಲು ‘ಮಿಮಿನೊ’, ಆಮೇಲೆ ‘ನಾವು ಮತ್ತು ನಮ್ಮ ಬೆಟ್ಟಗಳು’, ಕೊನೆಗೆ ‘ನಮ್ಮ ಬಾಲ್ಯದ ಟ್ಯಾಂಗೊ’. ಈ ಕ್ರಮ ತಪ್ಪಿಸಬೇಡಿ. ಡಬ್ ಆದ ಪ್ರತಿ ಸಿಕ್ಕಿದರೆ ಬಿಟ್ಟು, ಸಬ್‌ಟೈಟಲ್ ಇರುವುದನ್ನೇ ಹುಡುಕಿ. ಆ ಒರಟು ದನಿಯಿಲ್ಲದ ಫ್ರುಂಜಿಕ್ ಅರ್ಧ ಫ್ರುಂಜಿಕ್ ಮಾತ್ರ.